ಪ್ರತಿದಿನ ಬದಲಾಗುವ ಅನುಕ್ರಮ: ಪ್ರಸ್ತಾರ, ನಷ್ಟ ಮತ್ತು ಅಹರ್ಗಣ

ಗ್ರಂಥಗಳಿಗೆ ಅನುಕ್ರಮವು ಎರಡು ವಿಧವಾಗಿ ಒದಗುವುದುಂಟು. ಕೆಲವು ಗ್ರಂಥಗಳಲ್ಲಿ ಅದು ವಸ್ತುವಿನ ಒಳಗಿನಿಂದಲೇ ಹುಟ್ಟುತ್ತದೆ; ಕಥೆಯ ಪೂರ್ವೋತ್ತರಗಳನ್ನು ಕದಲಿಸಿದರೆ ಕಥೆಯೇ ಉಳಿಯಲಾರದು. ಬೇರೆ ಕೆಲವುಗಳಲ್ಲಿ ಅನುಕ್ರಮವು ಹೊರಗಿನಿಂದ ಬರತಕ್ಕುದು. ಒಂದನ್ನೊಂದು ಅಪೇಕ್ಷಿಸದೆ ತಾನೇ ತಾನಾಗಿ ನಿಲ್ಲುವ ಪದ್ಯವನ್ನು ಆಲಂಕಾರಿಕರು ಮುಕ್ತಕವೆಂದು ಕರೆದು, ಅಂಥವುಗಳ ಸಮೂಹಕ್ಕೆ ಕೋಶವೆಂದು ಹೆಸರಿಟ್ಟಿರುವರು. ಕೋಶಕ್ಕೆ ಕ್ರಮವನ್ನು ಕೊಡುವವನು ಕವಿಯಲ್ಲ, ಸಂಗ್ರಹಕಾರನು. ಹೊಯ್ಸಳ ಸೋಮೇಶ್ವರನ ಕಾಲದ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವದಲ್ಲಿ ಪೂರ್ವಕವಿಗಳ ಪದ್ಯಗಳನ್ನು ವರ್ಣನೆಗಳ ಮೇಲಿಂದ ವಿಂಗಡಿಸಿದನು. ಆ ವಿಂಗಡಣೆಯು ಅವನದು, ಪದ್ಯಗಳು ಮಾತ್ರ ಪರರವು.

ನಮ್ಮ ಸೀಮೆಯ ಸರ್ವಜ್ಞನ ತ್ರಿಪದಿಗಳು ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆಯಾಗಿವೆ. ಅಬಲೂರು ಮಾಸೂರುಗಳ ಜನರು ತಮ್ಮವನೆಂದು ಹೇಳಿಕೊಳ್ಳುವ ಆ ಕವಿಯು ತನ್ನ ವಚನಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ಹೋಗಲಿಲ್ಲ. ಬಾಯಿಂದ ಬಾಯಿಗೆ ಸಾಗಿ, ಓಲೆಯಿಂದ ಓಲೆಗೆ ಇಳಿದು ಬಂದ ಆ ಪದ್ಯಗಳಿಗೆ ಪ್ರತಿಯೊಂದು ಕಟ್ಟಿನಲ್ಲಿಯೂ ಬೇರೆ ಬೇರೆ ಕ್ರಮವು. ಕ್ರಿ. ಶ. ೧೯೨೪ರಲ್ಲಿ ಉತ್ತಂಗಿ ಚನ್ನಪ್ಪನವರು ಸುಮಾರು ಎರಡು ಸಾವಿರ ವಚನಗಳನ್ನು ಪರಿಶೋಧಿಸಿ, ವಿಷಯಾನುಸಾರವಾದ ಪದ್ಧತಿಗಳಲ್ಲಿ ಅಳವಡಿಸಿ ಪ್ರಕಟಿಸಿದ ಮೇಲೆ ಆ ಕ್ರಮವೇ ಸರ್ವಜ್ಞನ ಕ್ರಮವೆಂಬ ಭಾವನೆಯು ಅನೇಕರಲ್ಲಿ ಬೇರೂರಿತು. ಸಂಪಾದಕರ ಶ್ರಮವು ಅಪಾರವಾದದ್ದು. ಆದರೆ ಆ ಕ್ರಮವನ್ನು ಕವಿಯ ಮೇಲೆ ಹೊರಿಸುವುದು ಯುಕ್ತವಲ್ಲ.

ಮೊದಲಿರುವುದನ್ನು ಜನರು ಓದುತ್ತಾರೆ, ಕೊನೆಯದು ಉಳಿದುಹೋಗುತ್ತದೆ. ಕರ್ನಾಟಕ ಸರಕಾರವು ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಬಸವಣ್ಣ, ಅಲ್ಲಮ, ಚನ್ನಬಸವಣ್ಣ, ಸಿದ್ಧರಾಮರು ಮೊದಲ ನಾಲ್ಕರಲ್ಲಿ. ಒಬ್ಬೊಬ್ಬರದೇ ಸಂಪುಟವಾಗದ ಅನೇಕರು ಮುಂದಿನ ಸಂಕೀರ್ಣ ಸಂಪುಟಗಳಲ್ಲಿ. ಇದಕ್ಕೆ ಕಾರಣವುಂಟು, ನ್ಯಾಯವೂ ಉಂಟು. ಆದರೂ ಯಾವ ಗ್ರಂಥಾಲಯದಲ್ಲಿಯಾದರೂ ಮೊದಲ ಸಂಪುಟದ ಅಂಚು ಸವೆದಷ್ಟು ಎಂಟನೆಯದರ ಅಂಚು ಸವೆದಿರುವುದಿಲ್ಲ. ಅಕಾರಾದಿ ಕ್ರಮವನ್ನು ನಿಷ್ಪಕ್ಷಪಾತವೆಂದು ಹೇಳುವರಷ್ಟೆ. ವರ್ಣಮಾಲೆಗೆ ಪಕ್ಷವಿಲ್ಲವೆಂಬುದು ನಿಜವು. ಆದರೆ ಗ್ರಾಮಗಳ ಯಾವ ಪಟ್ಟಿಯನ್ನು ತೆಗೆದರೂ ಅಗಡಿಯು ಮೇಲೆ, ಹಾವೇರಿ ಹೊಸರಿತ್ತಿಗಳು ಪುಟದ ಅಡಿಯಲ್ಲಿ. ನೂರು ವರ್ಷ ಕಳೆದರೂ ಹಕಾರವು ಮೇಲಕ್ಕೆ ಬರುವಂತಿಲ್ಲ!

ಅಚ್ಚಿನ ಪುಸ್ತಕದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ. ಹೊಲಿದ ಪುಟಗಳನ್ನು ನಿತ್ಯವೂ ಬಿಚ್ಚಿ ಕಟ್ಟುವರಾರು? ಈಗ ಗಣಕಯಂತ್ರದ ತೆರೆಯ ಮೇಲೆ ಶಾಸನಪಾಠಗಳನ್ನೂ ವಚನಗಳನ್ನೂ ಸಾರ್ವಜನಿಕರಿಗೆ ತೋರಿಸುವ ಪದ್ಧತಿಯು ಬಂದಿರುವುದರಿಂದ ಪರಿಹಾರವು ಸುಲಭವಾಗಿದೆ. ಪಟ್ಟಿಯ ಕ್ರಮವನ್ನು ಪ್ರತಿದಿನವೂ ಬೇರೆಯಾಗಿ ಕಲೆಸಿ ಇಡುವುದು. ಒಂದು ದಿನದೊಳಗೆ ಅದು ಬದಲಾಗಕೂಡದು, ಸೂರ್ಯೋದಯದೊಡನೆ ಬದಲಾಗಬೇಕು. ಈ ಯುಕ್ತಿಯು ತೀರ ಹೊಸದೆಂದೂ ಪರದೇಶದ್ದೆಂದೂ ಅದನ್ನು ಬಳಸುವ ತರುಣರು ತಿಳಿದಿರುವರು. ಇದರಲ್ಲಿ ಮೂರು ಅಂಗಗಳಿವೆ: ವಸ್ತುಗಳಿಗೆ ಎಷ್ಟು ಕ್ರಮಗಳು ಸಾಧ್ಯವೆಂಬ ಎಣಿಕೆ, ಇಷ್ಟನೆಯ ಕ್ರಮವು ಯಾವುದೆಂದು ಪೂರ್ವದವನ್ನು ಬರೆಯದೆಯೇ ಕಂಡುಹಿಡಿಯುವ ರೀತಿ, ಮತ್ತು ಇಂದಿನ ದಿನವನ್ನು ಒಂದು ಸಂಖ್ಯೆಯನ್ನಾಗಿ ಮಾಡುವ ಉಪಾಯ. ಮೂರೂ ನಮ್ಮ ಶಾಸ್ತ್ರಗಳಲ್ಲಿ ಕ್ರಿ. ಶ. ಹದಿಮೂರನೆಯ ಶತಮಾನದ ಹೊತ್ತಿಗೆ ಸಿದ್ಧವಾಗಿದ್ದುವು. ಅವುಗಳಲ್ಲಿ ಎರಡು ಒಂದೇ ರಾಜನ ಆಸ್ಥಾನದಲ್ಲಿ ಮನೆಮಾಡಿಕೊಂಡಿದ್ದುವು. ಆ ರಾಜನ ಆಳಿಕೆಯು ವರದಾ ತುಂಗಭದ್ರೆಗಳ ನಡುವಣ ಈ ನಾಡಿನವರೆಗೂ ಹಬ್ಬಿತ್ತೆಂಬ ಕಾರಣದಿಂದ ವಿಷಯವು ನಮಗೆ ಸ್ವಲ್ಪ ಹತ್ತಿರದ್ದಾಗಿದೆ.

ಎಣಿಕೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಲಘು ಗುರುಗಳ ಪ್ರಸ್ತಾರವು ಪಿಂಗಲನ ಛಂದಸ್ಸೂತ್ರದಿಂದ ಪ್ರಸಿದ್ಧವಾದದ್ದು. ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಪ್ರತ್ಯಯಗಳನ್ನು ಕನ್ನಡಿಗನಾದ ಜಯಕೀರ್ತಿಯು ತನ್ನ ಛಂದೋನುಶಾಸನದ ಎಂಟನೆಯ ಅಧಿಕಾರದಲ್ಲಿ, ಕನ್ನಡದ ಜಾತಿಗಳನ್ನು ವಿವರಿಸಿದ ಏಳನೆಯದರ ಬೆನ್ನಿಗೇ ಹೇಳಿದ್ದಾನೆ. ಆದರೆ ಅಲ್ಲಿ ಎರಡೇ ಬಗೆಯ ಅಕ್ಷರಗಳು ಮತ್ತೆ ಮತ್ತೆ ಬರುವುವು. ನಮಗೆ ಬೇಕಾದದ್ದು ಬೇರೆ ಬೇರೆಯಾದ ವಸ್ತುಗಳ ಸ್ಥಾನವ್ಯತ್ಯಾಸವು. ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟು, ಷಡ್ರಸಗಳ ಮಿಶ್ರಣವನ್ನು ಉದಾಹರಣೆಯಾಗಿ ಇಟ್ಟನು. ಅಲ್ಲಿಯೂ ಆಯ್ಕೆಯ ಎಣಿಕೆಯೇ ಹೊರತು ಅನುಕ್ರಮದ್ದಲ್ಲ.

ಅನುಕ್ರಮದ ಎಣಿಕೆಯನ್ನು ವಿಶದವಾಗಿ ಕಾಣುವುದು ಶಕ ೧೦೭೨ರಲ್ಲಿ, ಎಂದರೆ ಕ್ರಿ. ಶ. ೧೧೫೦ರಲ್ಲಿ, ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯ ಅಂಕಪಾಶದಲ್ಲಿ. ಅವನ ಉದಾಹರಣೆಯು ಬಹು ರಮಣೀಯವಾದದ್ದು. ಶಂಭುವಿನ ಹತ್ತು ಕೈಗಳಲ್ಲಿ ಪಾಶಾಂಕುಶಾದಿ ಹತ್ತು ವಸ್ತುಗಳಿವೆ. ಅವನ್ನು ಪರಸ್ಪರ ಅದಲುಬದಲು ಮಾಡಿದರೆ ಎಷ್ಟು ಮೂರ್ತಿಭೇದಗಳಾಗುವುವು? ಹರಿಯ ನಾಲ್ಕು ಕೈಗಳ ಗದಾ, ಚಕ್ರ, ಪದ್ಮ, ಶಂಖಗಳಿಂದ ಎಷ್ಟು? ಒಂದರಿಂದ ತೊಡಗಿ ಅಂಕಗಳನ್ನು ಅನುಕ್ರಮವಾಗಿ ಗುಣಿಸಬೇಕು. ಶಂಭುವಿಗೆ ೩೬,೨೮,೮೦೦; ಹರಿಗೆ ೨೪. ಈ ಎರಡನೆಯ ಉತ್ತರವನ್ನು ಶಿಲ್ಪಿಗಳು ಮೊದಲೇ ಬಲ್ಲವರಾಗಿದ್ದರು. ಕೇಶವಾದಿ ಚತುರ್ವಿಂಶತಿ ಮೂರ್ತಿಗಳು ಈ ಇಪ್ಪತ್ತನಾಲ್ಕೇ ಆಗಿವೆ. ದೇವಾಲಯದ ಗೋಡೆಯ ಮೇಲೆ ಶಂಖವು ಯಾವ ಕೈಯಲ್ಲಿ, ಗದೆಯು ಯಾವ ಕೈಯಲ್ಲಿ ಎಂದು ನೋಡಿ ಇವನು ಮಾಧವನು, ಇವನು ಗೋವಿಂದನು ಎಂದು ಗುರುತಿಸುವ ನಾವು ಪ್ರಸ್ತಾರವನ್ನೇ ಓದುತ್ತಿರುವೆವು. ಕ್ರಮವು ಬದಲಾದರೆ ಹೆಸರೇ ಬದಲಾಗುವ ಇಂಥ ನಿದರ್ಶನವು ಬೇರೆಲ್ಲಿಯೂ ದೊರೆಯದು.

ಭಾಸ್ಕರನ ವಿಜ್ಜಡವಿಡವು ನಮ್ಮ ವಿಜಾಪುರವೇ ಎಂದು ವಾದಿಸುವ ಕನ್ನಡಿಗರು ಹಲವರಿದ್ದಾರೆ. ಅವನ ಮನೆತನದ ಶಾಸನವು ದೊರೆತದ್ದು ಖಾನದೇಶದ ಪಾಟಣದಲ್ಲಿ. ಅವನೂ ಊರು ಸಹ್ಯಾದ್ರಿಯ ಸಮೀಪದ್ದೆಂದು ಹೇಳಿಕೊಂಡಿರುವನು. ಈ ಎರಡನ್ನೂ ಬದಿಗಿಟ್ಟು ನಾಮಸಾದೃಶ್ಯವೊಂದನ್ನೇ ಹಿಡಿಯುವುದು ನಮಗೆ ಸರಿತೋರುವುದಿಲ್ಲ. ಆದರೆ ಆ ಪಾಟಣದ ಶಾಸನವೇ ಪ್ರಕೃತಕ್ಕೆ ಉಪಯುಕ್ತವಾದದ್ದು. ಶಕ ೧೧೨೮ರಲ್ಲಿ ನಿಕುಂಭ ವಂಶದ ಸೋಯಿದೇವನು ಅಲ್ಲಿಯ ಮಠಕ್ಕೆ ದತ್ತಿಯನ್ನು ಕೊಟ್ಟನು. ಭಾಸ್ಕರನ ಗ್ರಂಥಗಳನ್ನು ಪಾಠ ಹೇಳುವುದಕ್ಕೆಂದೇ ಆ ಮಠವನ್ನು ಸ್ಥಾಪಿಸಿದವನು ಅವನ ಮೊಮ್ಮಗನಾದ ಚಾಂಗದೇವನು. ಈ ಚಾಂಗದೇವನು ದೇವಗಿರಿಯ ಸೇವುಣ ಸಿಂಘಣನ ಮುಖ್ಯ ಜ್ಯೋತಿಷಿಯು.

ಅದೇ ಸಿಂಘಣನ ಆಸ್ಥಾನದಲ್ಲಿ ಶ್ರೀಕರಣದ ಅಧಿಕಾರಿಯಾಗಿ, ಎಂದರೆ ಲೆಕ್ಕಪತ್ರಗಳ ಮುಖ್ಯಸ್ಥನಾಗಿ, ಇದ್ದವನು ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನು. ಇವನ ಪಿತಾಮಹನ ಹೆಸರೂ ಭಾಸ್ಕರನೇ. ಕಾಶ್ಮೀರದಿಂದ ಬಂದ ಆ ಭಾಸ್ಕರನಿಗೂ ಗಣಿತಜ್ಞನಿಗೂ ಸಂಬಂಧವಿಲ್ಲ. ಹೆಸರಿನ ಸಾಮ್ಯದಿಂದ ಕೆಲವರು ಮೋಸಹೋಗಿರುವುದರಿಂದ ಇದನ್ನು ಹೇಳಬೇಕಾಯಿತು. ಸಿಂಘಣನ ದಂಡನಾಯಕ ಬೀಚಣನು ದಕ್ಷಿಣಕ್ಕೆ ನಡೆದು ರಟ್ಟರನ್ನೂ ಕದಂಬರನ್ನೂ ಗುತ್ತರನ್ನೂ ಅಡಗಿಸಿದ ವಿಷಯವನ್ನು ಹಾವೇರಿ ತಾಲೂಕಿನ ಹರಳಹಳ್ಳಿಯಲ್ಲಿ ದೊರೆತ ಶಕ ೧೧೬೦ರ ತಾಮ್ರಶಾಸನವು ಹೊಗಳಿ ಹೇಳುತ್ತದೆ. ಗುತ್ತರ ರಾಜಧಾನಿಯಾದ ಗುತ್ತಲವು ಹೊಸರಿತ್ತಿಯ ನೆರೆಯ ಊರು. ದೇವಗಿರಿಯಲ್ಲಿ ಲೆಕ್ಕಿಗನೊಬ್ಬನು ಸ್ವರಗಳ ಕ್ರಮಗಳನ್ನು ಎಣಿಸುತ್ತಿದ್ದ ಅದೇ ಪೀಳಿಗೆಯಲ್ಲಿ ಅವನ ಒಡೆಯನ ಸೈನ್ಯವು ನಮ್ಮ ಹೊಲಗಳನ್ನು ದಾಟಿ ಹೋಯಿತೆಂಬುದು ಇದರಿಂದ ಸಿದ್ಧವಾಗುತ್ತದೆ. ಇದಕ್ಕಿಂತ ಹೆಚ್ಚಿನ ಸಂಬಂಧವನ್ನು ನಾವು ಕಲ್ಪಿಸುವುದಿಲ್ಲ.

ಶಾರ್ಙ್ಗದೇವನ ಸ್ವರಗತಾಧ್ಯಾಯದಲ್ಲಿ ಕೂಟತಾನಗಳ ಪ್ರಕರಣವೊಂದುಂಟು. ಏಳು ಸ್ವರಗಳನ್ನು ವ್ಯುತ್ಕ್ರಮವಾಗಿ ಉಚ್ಚರಿಸಿದರೆ ಒಂದೊಂದು ಮೂರ್ಛನೆಗೆ ೫,೦೪೦ ಭೇದಗಳು. ಮೂರ್ಛನೆಗಳು ಐವತ್ತಾರು ಆದುದರಿಂದ ಪೂರ್ಣಗಳಾದ ಕೂಟತಾನಗಳು ೨,೮೨,೨೪೦. ಇವೆಲ್ಲವನ್ನೂ ಹಾಡುವ ಗಾಯಕನಿಲ್ಲ, ಬರೆಯುವ ಓಲೆಯೂ ಇಲ್ಲ. ಆದಕಾರಣ ಗ್ರಂಥಕಾರನು ಬರೆಯದೆಯೇ ತಿಳಿಯುವ ಮಾರ್ಗವನ್ನು ತೋರಿಸಿದನು. ಇಷ್ಟನೆಯ ತಾನವು ಯಾವುದೆಂದು ಕೇಳಿದರೆ ಹೇಳುವುದು ನಷ್ಟ. ಈ ತಾನವು ಎಷ್ಟನೆಯದೆಂದು ಕೇಳಿದರೆ ಹೇಳುವುದು ಉದ್ದಿಷ್ಟ. ಎರಡಕ್ಕೂ ಸಾಧನವಾಗಿ ಖಂಡಮೇರುವೆಂಬ ಮೆಟ್ಟಿಲುಮೆಟ್ಟಿಲಾದ ಕೋಷ್ಟಕವು. ಬೇರೆ ಬೇರೆ ವಸ್ತುಗಳ ಅನುಕ್ರಮಕ್ಕೆ ನಷ್ಟೋದ್ದಿಷ್ಟಗಳನ್ನು ಇಷ್ಟು ಸ್ಪಷ್ಟವಾಗಿ ಹೇಳಿದ, ನಾವು ನೋಡಿದ ಗ್ರಂಥಗಳಲ್ಲಿ ಇದೇ ಹಳೆಯದು. ಶಕ ೧೨೭೮ರಲ್ಲಿ ನಾರಾಯಣ ಪಂಡಿತನು ಗಣಿತಕೌಮುದಿಯಲ್ಲಿ ಇದನ್ನು ಇನ್ನೂ ವಿಸ್ತರಿಸಿದನು. ಗಣಿತದಲ್ಲಿ ಹುಟ್ಟಬೇಕಾಗಿದ್ದ ವಿಧಿಯು ಸಂಗೀತದಲ್ಲಿ ಹುಟ್ಟಿದ್ದೇಕೆಂದರೆ, ಗಣಿತಜ್ಞನಿಗೆ ಸಂಖ್ಯೆಯು ಸಾಕು, ಗಾಯಕನಿಗೆ ತಾನವೇ ಬೇಕು.

ವಿಧಾನವನ್ನು ನಾಲ್ಕು ಸ್ವರಗಳಿಂದ ತೋರಿಸುವೆವು. ಸ ರಿ ಗ ಮ ಎಂಬುದು ಮೂಲಕ್ರಮವು; ಭೇದಗಳು ೨೪. ಪ್ರಸ್ತಾರದ ಮೊದಲ ಆರರಲ್ಲಿ ಕೊನೆಯ ಸ್ವರವು ಮ, ಮುಂದಿನ ಆರರಲ್ಲಿ ಗ, ಬಳಿಕ ಆರರಲ್ಲಿ ರಿ, ಕೊನೆಯ ಆರರಲ್ಲಿ ಸ. ಪ್ರತಿಯೊಂದು ಆರರೊಳಗೂ ಮೂರನೆಯ ಸ್ಥಾನವು ಎರಡೆರಡರಂತೆ ಬದಲಾಗುತ್ತದೆ. ಹದಿನೈದನೆಯ ತಾನವು ಬೇಕೆಂದಿರಲಿ. ಅದಕ್ಕೆ ಮುಂಚೆ ಹದಿನಾಲ್ಕು ಕಳೆದಿವೆ. ಹದಿನಾಲ್ಕರಲ್ಲಿ ಆರು ಎರಡು ಸಲ ಹೋಗುವುದು, ಶೇಷ ಎರಡು. ಮೂಲಕ್ರಮದ ತುದಿಯಿಂದ ಎರಡನ್ನು ಬಿಟ್ಟರೆ ಸಿಕ್ಕುವುದು ರಿ. ಅದು ಕೊನೆಯ ಸ್ವರ. ಉಳಿದವು ಸ ಗ ಮ. ಶೇಷವಾದ ಎರಡರಲ್ಲಿ ಎರಡು ಒಂದು ಸಲ ಹೋಗುವುದು, ತುದಿಯಿಂದ ಒಂದನ್ನು ಬಿಟ್ಟರೆ ಗ, ಅದು ಮೂರನೆಯದು. ಇನ್ನು ಶೇಷವಿಲ್ಲವಾದ್ದರಿಂದ ತುದಿಯ ಮ ಎರಡನೆಯದು, ಸ ಮೊದಲನೆಯದು. ಸ ಮ ಗ ರಿ ಎಂಬುದೇ ಹದಿನೈದನೆಯ ತಾನವು. ಹಿಂದಿನ ಹದಿನಾಲ್ಕನ್ನು ಬರೆಯಬೇಕಾಗಲಿಲ್ಲ. ಸ್ವರಗಳ ಬದಲಿಗೆ ನಾಲ್ಕು ಶಾಸನಗಳನ್ನಿಟ್ಟರೂ ನಾಲ್ವರು ಕವಿಗಳನ್ನಿಟ್ಟರೂ ಲೆಕ್ಕವು ಅದೇ.

ಮೂರನೆಯ ಅಂಗವಾದ ದಿನಸಂಖ್ಯೆಯ ವಿಷಯದಲ್ಲಿ ಪಂಚಾಂಗವನ್ನು ಬಲ್ಲ ವಾಚಕರಿಗೆ ಹೊಸದಾಗಿ ಹೇಳತಕ್ಕದ್ದಿಲ್ಲ. ಕಲಿಯುಗಾದಿಯಿಂದ ಗತಿಸಿದ ಸಾವನ ದಿನಗಳ ಮೊತ್ತವೇ ಅಹರ್ಗಣವು. ಗ್ರಹಗಣಿತಕ್ಕೆ ಅದೇ ಮೊದಲ ಮೆಟ್ಟಿಲು. ಎಣಿಕೆಯ ಆರಂಭವು ಕ್ರಿಸ್ತಪೂರ್ವ ೩೧೦೨ನೆಯ ವರ್ಷದ ಫೆಬ್ರುವರಿ ೧೮, ಶುಕ್ರವಾರ. ಇದಕ್ಕೆ ನಮ್ಮ ಊರಿನವರು ಮರೆಯದ ದಿನವೊಂದನ್ನು ತೆಗೆದುಕೊಳ್ಳೋಣ. ಕ್ರಿ. ಶ. ೧೯೪೩ನೆಯ ಏಪ್ರಿಲ್ ೧ರಂದು ಮೈಲಾರ ಮಹಾದೇವಪ್ಪನವರೂ ಅವರ ಸಂಗಡಿಗರೂ ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣದ ಮೇಲೆ ದಾಳಿಯಿಟ್ಟು, ಪೋಲೀಸರ ಗುಂಡಿಗೆ ಎದೆಯೊಡ್ಡಿದರು. ಆ ದಿನದ ಅಹರ್ಗಣವು ೧೮,೪೨,೩೫೦. ವಾರವನ್ನು ಪರೀಕ್ಷಿಸಬೇಕಾದರೆ ಏಳರಿಂದ ಭಾಗಿಸಿ, ಶೇಷವು ಆರು, ಶುಕ್ರವಾರದಿಂದ ಆರು ಮುಂದಕ್ಕೆ ಎಣಿಸಿದರೆ ಗುರುವಾರವು ಬರುವುದು, ಅಂದು ಗುರುವಾರವೇ. ಲೆಕ್ಕವು ಸರಿಯಾಗಿದೆ. ಈಗ ಏಳನ್ನು ಬಿಟ್ಟು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಶೇಷವು ಹದಿನಾಲ್ಕು. ಎಂದರೆ ಅಂದಿಗೆ ಸಲ್ಲುವುದು ಹದಿನೈದನೆಯ ಕ್ರಮವು, ಮೇಲೆ ಸಾಧಿಸಿದ ಸ ಮ ಗ ರಿ.

ಹೀಗೆ ಅಹರ್ಗಣವನ್ನು ಭೇದಸಂಖ್ಯೆಯಿಂದ ಭಾಗಿಸಿ, ಶೇಷಕ್ಕೆ ನಷ್ಟವಿಧಿಯನ್ನು ಹಚ್ಚಿದರೆ ದಿನಕ್ಕೊಂದು ಕ್ರಮವು ಸಿದ್ಧವಾಯಿತೆಂದು ಅವಸರಪಡುವವರು ಹೇಳಬಹುದು. ಆದರೆ ಮರುದಿನದ ಲೆಕ್ಕವನ್ನೂ ಮಾಡಿ ನೋಡಬೇಕು. ಶೇಷವು ಹದಿನೈದು, ಕ್ರಮವು ಮ ಸ ಗ ರಿ. ಮೊದಲೆರಡು ಮಾತ್ರ ಸ್ಥಾನವನ್ನು ಬದಲಿಸಿವೆ. ಕೊನೆಯ ರಿ ಕೊನೆಯಲ್ಲಿಯೇ ಉಳಿದಿದೆ. ಹೀಗೆ ಅದು ಆರು ದಿನಗಳವರೆಗೆ ಕೊನೆಯಲ್ಲಿರುವುದು. ಏಳು ವಸ್ತುಗಳಾದರೆ ಕೊನೆಯದು ೭೨೦ ದಿನಗಳವರೆಗೆ, ಹೆಚ್ಚುಕಡಿಮೆ ಎರಡು ವರ್ಷಗಳವರೆಗೆ, ಕೊನೆಯಲ್ಲಿಯೇ ಬಿದ್ದಿರುವುದು. ಭಾಸ್ಕರನ ಶಂಭುವಿನ ಹತ್ತು ಆಯುಧಗಳಾದರೆ ಕೊನೆಯದು ಸಾವಿರ ವರ್ಷಗಳಷ್ಟು ಕಾಲ ಅಲ್ಲಿಯೇ. ನಿತ್ಯವೂ ಬದಲಾವಣೆಯಿದೆ, ಆದರೆ ಯಾರ ಸಲುವಾಗಿ ಬದಲಾವಣೆಯು ಬೇಕಾಗಿತ್ತೋ ಅವನಿಗೆ ಅದು ತಲುಪುವುದಿಲ್ಲ. ಪ್ರಸ್ತಾರವು ಗಾಯಕನಿಗೆ ಹೇಳಿದ್ದು. ಒಂದು ತಾನದಿಂದ ಇನ್ನೊಂದಕ್ಕೆ ಅವನು ಕಡಿಮೆ ಶ್ರಮದಿಂದ ಹೋಗಬೇಕು. ಆ ಗುಣವೇ ಇಲ್ಲಿ ದೋಷವಾಯಿತು.

ಇದಕ್ಕೆ ಮದ್ದು ಎಲ್ಲಿದೆ? ಪ್ರತಿದಿನ ನಾವು ಉಚ್ಚರಿಸುವ ವಾರದ ಹೆಸರುಗಳಲ್ಲಿದೆ. ಗ್ರಹಗಳನ್ನು ಮಂದಗತಿಯಿಂದ ಶೀಘ್ರಗತಿಯವರೆಗೆ ಜೋಡಿಸಿದರೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಕ್ರಮವಾಗುತ್ತದೆ. ಒಂದೊಂದು ಹೋರೆಗೆ ಒಬ್ಬೊಬ್ಬ ಅಧಿಪತಿಯು ಈ ಸಾಲಿನಲ್ಲಿಯೇ ಬರುವನು. ದಿನಕ್ಕೆ ಹೋರೆಗಳು ಇಪ್ಪತ್ತನಾಲ್ಕು. ಅವು ಮೂರು ಆವೃತ್ತಿ ಮುಗಿದು ಮೂರು ಮಿಗುವುವು. ಆದುದರಿಂದ ಮರುದಿನದ ಮೊದಲ ಹೋರೆಯು ಮೂರು ಸ್ಥಾನ ಮುಂದಿನವನದು. ಆರ್ಯಭಟನು ದಿನಾಧಿಪತಿಗಳು ಶೀಘ್ರಕ್ರಮದಲ್ಲಿ ನಾಲ್ಕನೆಯವರೆಂದು ಹೇಳಿದ್ದು ಇದನ್ನೇ, ಹೊರಟ ಸ್ಥಾನವನ್ನು ಕೂಡಿಸಿ ಎಣಿಸಿರುವನು. ಶನಿಯಿಂದ ರವಿ, ರವಿಯಿಂದ ಚಂದ್ರ, ಅಲ್ಲಿಂದ ಕುಜ, ಬುಧ, ಗುರು, ಶುಕ್ರ, ಮತ್ತೆ ಶನಿ. ಮೂಲಕ್ರಮವನ್ನು ಅರಿಯದವನಿಗೆ ಈ ಸಾಲು ಯಾರೋ ಕೈಗೆ ಬಂದಂತೆ ಕಲೆಸಿದಂತೆ ತೋರುವುದು. ಆದರೂ ಒಬ್ಬನೂ ತಪ್ಪಿಹೋಗಿಲ್ಲ, ಒಬ್ಬನೂ ಎರಡು ಸಲ ಬಂದಿಲ್ಲ. ಏಕೆಂದರೆ ಮೂರಕ್ಕೂ ಏಳಕ್ಕೂ ಸಮಾನವಾದ ಅಪವರ್ತನವಿಲ್ಲ. ಕುಟ್ಟಕದ ಪರಿಭಾಷೆಯಲ್ಲಿ ಅವು ಪರಸ್ಪರ ದೃಢಗಳು. ವಾರವು ನಮ್ಮ ಶಾಸನಗಳಲ್ಲಿ ಕಾಣುವುದು ಕ್ರಿ. ಶ. ೪೮೪ರ ಬುಧಗುಪ್ತನ ಏರಣ ಸ್ತಂಭಶಾಸನದಿಂದೀಚೆಗೆ. ಅಲ್ಲಿಂದ ಸಾವಿರದ ಐನೂರು ವರ್ಷಗಳವರೆಗೆ ಜನರು ದಿನವೂ ಬದಲಾಗುವ ಒಂದು ಕಲೆಸಿದ ಕ್ರಮವನ್ನು ಬಾಯಿಪಾಠ ಮಾಡುತ್ತ ಬಂದಿದ್ದಾರೆ. ಅದು ಕಲೆಸಿದ್ದೆಂಬ ಅರಿವೇ ಉಳಿದಿಲ್ಲ. ರಾಹುಕಾಲದ ಪಟ್ಟಿಯ ಸ್ಥಿತಿಯು ಇದಕ್ಕಿಂತ ಭಿನ್ನವು. ಹಗಲಿನ ಎಂಟು ಭಾಗಗಳಲ್ಲಿ ಭಾನುವಾರ ಮೊದಲಾಗಿ ಎಂಟನೆಯದು, ಎರಡನೆಯದು, ಏಳನೆಯದು, ಐದನೆಯದು, ಆರನೆಯದು, ನಾಲ್ಕನೆಯದು, ಮೂರನೆಯದು ಎಂದು ಬರುವ ಅದರಲ್ಲಿ ಸಮಾನವಾದ ಹೆಜ್ಜೆಯಿಲ್ಲ. ಬಾಯಿಪಾಠವಿಲ್ಲದವನು ಪಂಚಾಂಗವನ್ನು ತೆರೆಯಲೇಬೇಕು.

ವಾರದ ನ್ಯಾಯವನ್ನು ನಮ್ಮ ಪ್ರಸ್ತಾರಕ್ಕೆ ತರಬೇಕು. ಅಹರ್ಗಣವನ್ನು ನೇರವಾಗಿ ಭಾಗಿಸದೆ, ಭೇದಸಂಖ್ಯೆಗೆ ದೃಢವಾದ ಒಂದು ಗುಣಕದಿಂದ ಗುಣಿಸಿ ಆಮೇಲೆ ಭಾಗಿಸುವುದು. ಇಪ್ಪತ್ತನಾಲ್ಕಕ್ಕೆ ಏಳು ದೃಢವು. ಏಪ್ರಿಲ್ ೧ರ ಶೇಷವಾದ ಹದಿನಾಲ್ಕನ್ನು ಏಳರಿಂದ ಗುಣಿಸಿದರೆ ೯೮, ಶೇಷ ೨, ಕ್ರಮವು ಸ ಗ ರಿ ಮ. ಮರುದಿನ ಶೇಷ ೯, ಕ್ರಮವು ಮ ಸ ರಿ ಗ. ಮೂರನೆಯ ದಿನ ಶೇಷ ೧೬, ಕ್ರಮವು ಗ ಮ ಸ ರಿ. ನಾಲ್ಕನೆಯ ದಿನ ಶೇಷ ೨೩, ಎಂದರೆ ಪ್ರಸ್ತಾರದ ಕಟ್ಟಕಡೆಯದಾದ ಮ ಗ ರಿ ಸ. ನಾಲ್ಕು ದಿನಗಳಲ್ಲಿ ನಾಲ್ಕು ಸ್ವರಗಳೂ ಕೊನೆಯ ಸ್ಥಾನದಲ್ಲಿ ಕುಳಿತು ಎದ್ದುವು. ಇಪ್ಪತ್ತನಾಲ್ಕು ದಿನಗಳಲ್ಲಿ ಇಪ್ಪತ್ತನಾಲ್ಕು ಕ್ರಮಗಳೂ ಒಂದೊಂದು ಸಲ ಮಾತ್ರ ಬರುವುವು. ಏಳು ವಸ್ತುಗಳಾದರೆ ಗುಣಕವು ೭೨೦ಕ್ಕಿಂತ ದೊಡ್ಡದಾಗಿ, ೨, ೩, ೫, ೭ ಇವುಗಳಿಂದ ಭಾಗಿಸಲಾಗದ್ದಾಗಿ ಇರಬೇಕು. ೧೯೩೧ ಆಗಬಹುದು. ಆಗ ಪೂರ್ಣಚಕ್ರವು ೫,೦೪೦ ದಿನಗಳು, ಹದಿಮೂರು ವರ್ಷಗಳೂ ಒಂಬತ್ತು ತಿಂಗಳುಗಳೂ ಮಿಕ್ಕು.

ಈ ಸಂಯೋಜನೆಯನ್ನು ಪ್ರಾಚೀನರು ಮಾಡಿದ್ದರೆಂದು ನಾವು ಹೇಳುವುದಿಲ್ಲ. ಅಂಗಗಳು ಇದ್ದುವು, ಜೋಡಣೆ ಇರಲಿಲ್ಲ. ನಮ್ಮಲ್ಲಿ ಎಲ್ಲವೂ ಇತ್ತೆಂದು ಸಾರುವ ಲೇಖನಗಳು ಈಗ ಬೇಕಾದಷ್ಟು ಬರುತ್ತಿವೆ; ಅವುಗಳ ಸಾಲಿಗೆ ಇದನ್ನು ಸೇರಿಸಬಾರದೆಂದು ವಾಚಕರಲ್ಲಿ ಬಿನ್ನಹ. ಗುಣಿಸಿ ಭಾಗಿಸಿ ಶೇಷವನ್ನು ಹಿಡಿದು ಯಾದೃಚ್ಛಿಕದಂತೆ ತೋರುವ ಸಂಖ್ಯೆಗಳನ್ನು ಗಣಕಯಂತ್ರದಿಂದ ಪಡೆಯುವ ಸೂಚನೆಯನ್ನು ೧೯೪೯ರಲ್ಲಿ ಅಮೇರಿಕೆಯ ಲೆಹ್ಮರನು ಕೊಟ್ಟನು. ಅವನ ಗುಣಕವು ೨೩, ಭಾಜಕವು ಹತ್ತು ಕೋಟಿಯ ಮೇಲೆ ಒಂದು. ಪಟ್ಟಿಯನ್ನು ನಿಷ್ಪಕ್ಷಪಾತವಾಗಿ ಕಲೆಸುವ ಕ್ರಮವನ್ನು ಫಿಷರ್ ಮತ್ತು ಯೇಟ್ಸ್ ಎಂಬವರು ೧೯೩೮ರ ತಮ್ಮ ಕೋಷ್ಟಕಗ್ರಂಥದಲ್ಲಿ ಬರೆದರು. ೧೯೬೪ರಲ್ಲಿ ಡರ್ಸ್ಟನ್‌ಫೆಲ್ಡನು ಅದನ್ನು ಯಂತ್ರಕ್ಕೆ ಒಗ್ಗಿಸಿದನು. ಉಳಿದವುಗಳಲ್ಲಿ ಒಂದನ್ನು ಆರಿಸು, ಬದಿಗಿಡು, ಮತ್ತೆ ಉಳಿದವುಗಳಲ್ಲಿ ಒಂದನ್ನು ಆರಿಸು ಎಂಬುದೇ ಅವರ ವಿಧಿಯು. ನಷ್ಟವಿಧಿಯನ್ನು ಓದಿದವರಿಗೆ ಇದರಲ್ಲಿ ಹಳೆಯ ಗೆಳೆಯನ ಮುಖವು ಕಾಣದಿರದು. ಭೇದವಿಷ್ಟೆ: ಶಾರ್ಙ್ಗದೇವನು ಆ ಆಯ್ಕೆಯನ್ನು ಕೇಳಿದವನ ಸಂಖ್ಯೆಯಿಂದ ಮಾಡುತ್ತಾನೆ, ಅವರು ಯಾದೃಚ್ಛಿಕ ಸಂಖ್ಯೆಯಿಂದ ಮಾಡುತ್ತಾರೆ.

ಯಾದೃಚ್ಛಿಕತೆಯೇ ಬೇಕಾಗಿದ್ದರೆ ಚೀಟಿಯನ್ನೆತ್ತುವ ಪದ್ಧತಿಯು ನಮ್ಮಲ್ಲಿ ಬಹು ಹಳೆಯದು. ಪರಾಂತಕ ಚೋಳನ ಕಾಲದ, ಕ್ರಿ. ಶ. ೯೧೯ ಮತ್ತು ೯೨೧ರ, ಉತ್ತರಮೇರೂರಿನ ಶಾಸನಗಳಲ್ಲಿ ಅದರ ವಿವರವಿದೆ. ಮೂವತ್ತು ಕೇರಿಗಳ ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು ಕೊಡದಲ್ಲಿ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸುವ ಆ ವಿಧಿಯಲ್ಲಿ ಮೋಸಕ್ಕೆ ಎಡೆಯಿಲ್ಲದಂತೆ ಕಟ್ಟುಪಾಡುಗಳನ್ನು ಮಾಡಿದ್ದಾರೆ. ಅಧಿಕಾರವನ್ನು ಹಂಚುವಲ್ಲಿ ಅದೇ ಉತ್ತಮವು. ನಾಳಿನ ಅಧಿಕಾರಿಯು ಯಾರೆಂದು ಯಾರಿಗೂ ಮೊದಲೇ ತಿಳಿದಿರಬಾರದು. ಗ್ರಂಥಗಳ ಪಟ್ಟಿಯಲ್ಲಿ ಆ ಭಯವಿಲ್ಲ. ಅಲ್ಲಿ ಬೇಕಾದ ಗುಣವು ಬೇರೆ: ಬ್ಯಾಡಗಿಯಲ್ಲಿ ಕುಳಿತವನೂ ರಾಣೆಬೆನ್ನೂರಿನಲ್ಲಿ ಕುಳಿತವನೂ ಒಂದೇ ದಿನ ಒಂದೇ ಕ್ರಮವನ್ನು ಕಾಣಬೇಕು, ಇಲ್ಲದಿದ್ದರೆ ಇಂದಿನ ಮೂರನೆಯ ಶಾಸನವೆಂದು ಒಬ್ಬನು ಹೇಳಿದ್ದು ಇನ್ನೊಬ್ಬನಿಗೆ ಬೇರೆಯಾದೀತು. ಹಿಂದಿನ ಯಾವ ದಿನದ ಕ್ರಮವನ್ನಾದರೂ ಪುನಃ ಸಾಧಿಸಲು ಬರಬೇಕು. ದಿನದಿಂದ ಗಣಿಸಿದ ಕ್ರಮವು ಈ ಎರಡನ್ನೂ ಒದಗಿಸುವುದು. ಒಂದು ಕ್ರಮವನ್ನು ತೋರಿಸಿ ಇದು ಯಾವ ದಿನದ್ದೆಂದು ಕೇಳಿದರೆ, ಉದ್ದಿಷ್ಟದಿಂದ ಅದರ ಸಂಖ್ಯೆಯನ್ನು ತೆಗೆದು ಕುಟ್ಟಕದಿಂದ ಗುಣಕವನ್ನು ಬಿಡಿಸಿ, ಚಕ್ರದೊಳಗಿನ ದಿನವನ್ನೂ ಹೇಳಬಹುದು.

ಎಲ್ಲ ಪಟ್ಟಿಗಳನ್ನೂ ಹೀಗೆ ಕಲೆಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಶೂನ್ಯಸಂಪಾದನೆಯಲ್ಲಿ ವಚನಗಳು ಸಂವಾದವಾಗಿ ಹೆಣೆದಿವೆ. ಪ್ರಶ್ನೆಗಿಂತ ಮೊದಲು ಉತ್ತರವನ್ನಿಟ್ಟರೆ ಅದು ಸಂಪಾದನೆಯಲ್ಲ. ಷಟ್‌ಸ್ಥಲಕ್ಕೆ ಅನುಸಾರವಾಗಿ ಜೋಡಿಸಿದ ವಚನಗಳಲ್ಲಿ ಭಕ್ತನು ಮೊದಲು, ಐಕ್ಯನು ಕೊನೆ. ಅದು ಸಾಧಕನು ಏರುವ ಕ್ರಮವು. ಒಂದೇ ದೇವಾಲಯದ ಶಾಸನಗಳನ್ನು ಕಾಲಾನುಕ್ರಮದಿಂದ ತಪ್ಪಿಸಿದರೆ ಇತಿಹಾಸವೇ ಕೆಡುವುದು. ಪ್ರತಿದಿನದ ಕಲೆಸುವಿಕೆಯು ಸಲ್ಲುವುದು ಮುಕ್ತಕಗಳಿಗೆ, ಸರ್ವಜ್ಞನಿಗೆ, ಸಂಕೀರ್ಣ ವಚನಕಾರರ ನಾಮಾವಳಿಗೆ. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯನು ಒಂದು ದಿನವಾದರೂ ಪಟ್ಟಿಯ ತಲೆಯಲ್ಲಿ ಬಂದರೆ, ಅವನನ್ನು ಎಂದೂ ಓದದ ಹತ್ತು ಜನರು ಅಂದು ಓದಬಹುದು.

ಇನ್ನೊಂದು ನಾಮಾವಳಿಯು ಉಂಟು, ಅದು ಮೂರೇ ಹೆಸರುಗಳದು. ೧೯೪೩ರ ಆ ಗುರುವಾರ ಹೊಸರಿತ್ತಿಯಲ್ಲಿ ಮಡಿದವರು ಮಹಾದೇವಪ್ಪನವರೊಬ್ಬರೇ ಅಲ್ಲ; ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬವರೂ ಅಂದೇ ಪ್ರಾಣವನ್ನು ಕೊಟ್ಟರು. ಭಾಷಣಗಳಲ್ಲಿ ಮೊದಲ ಹೆಸರು ಪೂರ್ಣವಾಗಿ ಬರುತ್ತದೆ, ಉಳಿದವು ‘ಮತ್ತಿಬ್ಬರು’ ಎಂದಾಗುತ್ತವೆ. ನಾವೂ ಮೇಲೆ ‘ಸಂಗಡಿಗರು’ ಎಂದೇ ಬರೆದು ಮುಂದುವರಿದೆವು. ಕ್ರಮದ ಬಲವು ಎಷ್ಟೆಂಬುದನ್ನು ವಾಚಕರು ಅದರಿಂದಲೇ ಕಾಣಬಹುದು. ಮುಂದಾಳಿಗೆ ಮೊದಲ ಸ್ಥಾನವು ಸಲ್ಲತಕ್ಕದ್ದೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿವರ್ಷ ಆ ದಿನದಂದು ಹೆಸರುಗಳನ್ನು ಓದುವಲ್ಲಿ ಈ ವಿಧಿಯನ್ನು ಹಿಡಿದರೆ ಏನಾಗುವುದೆಂದು ನೋಡುವುದಕ್ಕೆ ಅಡ್ಡಿಯಿಲ್ಲ.

ಅಕಾರಾದಿಯಾಗಿ ತಿರಕಪ್ಪ, ಮಹಾದೇವಪ್ಪ, ವೀರಯ್ಯ ಎಂಬುದು ಮೂಲಕ್ರಮವಾಗಲಿ, ಭೇದಗಳು ಆರು. ಮೂರರ ಪ್ರಸ್ತಾರದಲ್ಲಿ ಕೊನೆಯದು ಎರಡೇ ದಿನ ನಿಲ್ಲುವುದರಿಂದ ಗುಣಕವು ಬೇಡ. ೧೯೪೩ರ ಏಪ್ರಿಲ್ ೧ರ ಅಹರ್ಗಣವನ್ನು ಆರರಿಂದ ಭಾಗಿಸಿದರೆ ಶೇಷ ೨. ಮೂರನೆಯ ಕ್ರಮವು, ತಿರಕಪ್ಪ, ವೀರಯ್ಯ, ಮಹಾದೇವಪ್ಪ. ೩೬೫ ದಿನಗಳ ವರ್ಷವು ಕಳೆದರೆ ಶೇಷವು ಒಂದು ಇಳಿಯುವುದು. ನಡುವೆ ಫೆಬ್ರುವರಿ ೨೯ ಬಂದರೆ ೩೬೬ ಆಗಿ ಶೇಷವು ಇದ್ದಲ್ಲಿಯೇ ನಿಲ್ಲುವುದು. ಆದುದರಿಂದ ೧೯೪೩ ಮೊದಲ್ಗೊಂಡು ಶೇಷಗಳು ೨, ೨, ೧, ೦, ೫, ೫, ೪, ೩ ಎಂದು ಎಂಟು ವರ್ಷಗಳಲ್ಲಿ ಸುತ್ತಿ, ೧೯೫೧ರಲ್ಲಿ ಮತ್ತೆ ಎರಡಕ್ಕೆ ಬರುವುವು. ಈ ಎಂಟರಲ್ಲಿ ತಿರಕಪ್ಪನವರು ಮೂರು ಸಲ ಮೊದಲು, ವೀರಯ್ಯನವರು ಮೂರು ಸಲ, ಮಹಾದೇವಪ್ಪನವರು ಎರಡು ಸಲ. ಈ ಹೆಚ್ಚುಕಡಿಮೆಯು ಅಧಿಕದಿನದಿಂದ ಬಂದದ್ದು. ವರ್ಷಕ್ಕೊಮ್ಮೆ ಮಾತ್ರ ಓದುವ ಪಟ್ಟಿಗೆ ಅಹರ್ಗಣವನ್ನು ಬಿಟ್ಟು ಗತವರ್ಷಗಳನ್ನೇ ಆರರಿಂದ ಭಾಗಿಸಿದರೆ ಪ್ರತಿಯೊಬ್ಬರೂ ಆರು ವರ್ಷಗಳಲ್ಲಿ ಎರಡು ಸಲ ಮೊದಲು, ಎರಡು ಸಲ ನಡುವೆ, ಎರಡು ಸಲ ಕೊನೆಯಲ್ಲಿ ಬರುವರು.